ತವರುಮನೆಯನ್ನು ರಿಪೇರಿಗೆ ಬಿಟ್ಟ ಬಗ್ಗೆ

ಹಿರಿಯೂರಿನ ಬಯಲು
ಫೆಬ್ರವರಿ ಮೂವತ್ತೊಂದು, ಇಸವಿ ೨೩೮೭

ಪೂಜ್ಯ ಪೂರ್ವಿಕರ ಪಾದಗಳಿಗೆ, ಅವು ಇನ್ನೂ ನೆಲದ ಮೇಲಿವೆ ಎಂಬ ನಂಬಿಕೆಯಿಂದ, ನೀಲಗಂಗೆಯ ನಮಸ್ಕಾರಗಳು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಬಲ್ಲೆ. ಫೆಬ್ರವರಿಗೆ ಆಗಿದ್ದ ಅನ್ಯಾಯವನ್ನು ನಾವು ಸರಿಪಡಿಸಿದ್ದೇವೆ, ವಿವರ ಕೇಳಬೇಡಿ. ನನ್ನ ಮಾತುಗಳು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮೆಯಿರಲಿ. ನೀವು ರಜೆಯಲ್ಲಿ ಬಾಡಿಗೆಗೆ ತಂದು, ಒಳಗೆ ಹಾಸಿಗೆಯೂ ಒಲೆಯೂ ಇದೆಯೆಂದು ಫೋಟೋ ತೆಗೆಸಿಕೊಳ್ಳುವ ಆ ಕ್ಯಾರವಾನಿನಲ್ಲೇ ನಾವು ಹುಟ್ಟುತ್ತೇವೆ, ಜಗಳವಾಡುತ್ತೇವೆ, ಸಾಯುತ್ತೇವೆ. ಅದನ್ನು ಮನೆಗಾಡಿ ಎನ್ನುತ್ತೇವೆ. ಕೂಲಿಯನ್ನು ನೆರಳಿನಲ್ಲಿ ಕೊಡುತ್ತೇವೆ. ಎಂದರೆ, ಯಾರಾದರೂ ನಮಗಾಗಿ ದುಡಿದರೆ ನಮ್ಮ ಗಾಡಿಯ ಚಪ್ಪರವನ್ನು ಅವರ ಅಂಗಳದ ಮೇಲೆ ಬಿಚ್ಚಿ ನಿಲ್ಲಬೇಕು; ಬಿಸಿಲಿರುವ ಹೊತ್ತು ಮಾತ್ರ ಲೆಕ್ಕಕ್ಕೆ. ಹೀಗಾಗಿ ಮೆಕ್ಯಾನಿಕ್ ದುಬಾರಿಯಾದರೆ ನಮ್ಮ ಜೇಬು ಖಾಲಿಯಾಗುವುದಿಲ್ಲ, ಪ್ರಯಾಣ ತಡವಾಗುತ್ತದೆ.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ನಿಮ್ಮ ಪದ್ಧತಿಯನ್ನು ನಾವು ಬಿಟ್ಟಿಲ್ಲ. ಆದರೆ ಮಗಳು ತವರಿಗೆ ಹೋಗುವುದಿಲ್ಲ. ತವರೇ ಮಗಳ ಬಳಿಗೆ ಹೋಗುತ್ತದೆ. ಅಕ್ಕ ಚಂಪಾವತಿ ಘಟ್ಟದ ಕೆಳಗೆ ಹೊನ್ನಾವರದಲ್ಲಿ ಗಂಡನ ಗಾಡಿಯಲ್ಲಿದ್ದಳು, ದಿನ ತುಂಬುತ್ತಿತ್ತು. ನಾವು ಹೊರಟೆವು. ಹಿರಿಯೂರು ಸೇರುವ ಹೊತ್ತಿಗೆ ನಮ್ಮ ಗಾಡಿ ಎಡಕ್ಕೆ ವಾಲಿ, ತಿರುವು ಸಿಕ್ಕಲ್ಲೆಲ್ಲ ನರಳತೊಡಗಿತು. ಹಾಗೆಯೇ ಘಟ್ಟ ಇಳಿದಿದ್ದರೆ ತವರು ಕಂದಕ ಸೇರುತ್ತಿತ್ತು. ಸದ್ದು ನನ್ನದೇ ಕಿತಾಪತಿಯೆಂದು ಅಪ್ಪ ನನ್ನನ್ನು ಕೆಳಗಿಳಿಸಿ ನಡೆಸಿದರು. ನಾನಿಳಿದ ಮೇಲೂ ಗಾಡಿ ನರಳಿತು. ಈ ಜನ್ಮದಲ್ಲಿ ನಾನು ನಿರಪರಾಧಿಯೆಂದು ಸಾಬೀತಾದದ್ದು ಅದೊಂದೇ ಸಲ.

ಅಪ್ಪ ಎಲ್ಲಕ್ಕಿಂತ ಅಗ್ಗದ ಗ್ಯಾರೇಜು ಹುಡುಕಿದರು: ಗಂಟೆ ಕೆಲಸಕ್ಕೆ ಗಂಟೆ ನೆರಳು. ಮೆಕ್ಯಾನಿಕ್ ಒಳಗೆ ಬರುತ್ತಾನೆಂದು ತಿಳಿದದ್ದೇ ಅಮ್ಮ ಸೆರಗು ಸಿಕ್ಕಿಸಿದಳು. "ಹೊರಗಿನೋರು ನೋಡೋದು ಈ ಅವತಾರಾನಾ?" ಒರಳುಕಲ್ಲು, ನೀರಿನ ಹಂಡೆ, ಅಕ್ಕಿ ಮೂಟೆ, ಅಜ್ಜಿಯ ಟ್ರಂಕು, ಕೊನೆಗೆ ಅಜ್ಜಿಯನ್ನೂ ಹೊರಗಿಟ್ಟು, ನೆಲ ಒರೆಸಿ, ಹೊಸ್ತಿಲಿಗೆ ರಂಗೋಲಿ ಎಳೆದಳು. ಗಾಡಿ ನೆಟ್ಟಗೆ ನಿಂತಿತು. ಓಡಿಸಿದರೆ ಸದ್ದೇ ಇಲ್ಲ. ಆದರೂ ಗ್ಯಾರೇಜಿನವರು ಚಕ್ರ ಬಿಚ್ಚಿದರು, ಬೇರಿಂಗ್ ಬದಲಿಸಿದರು, ತಲೆ ಕೆರೆದುಕೊಂಡರು. ಕೆರೆದುಕೊಂಡದ್ದಕ್ಕೂ ನಾವು ನೆರಳು ಕೊಟ್ಟೆವು. ಸಾಮಾನು ತುಂಬಿ ಹೊರಟರೆ ಮೊದಲ ತಿರುವಿನಲ್ಲೇ ನರಳಿಕೆ. ಎರಡನೆಯ ಗ್ಯಾರೇಜು, ಅದೇ ರಂಗೋಲಿ, ಅದೇ ಕಥೆ.

ಅಷ್ಟರಲ್ಲಿ ಅಕ್ಕನ ಕರೆ ಬಂತು. "ಲೇ ನೀಲಿ, ನೀವು ಬರೋ ಹೊತ್ತಿಗೆ ಮಗೂನೇ ಎದ್ದು ನಿಮಗೆ ಕಾಫಿ ಕೊಡುತ್ತೆ ಬಿಡು," ಎಂದು ನಕ್ಕಳು. ಆಮೇಲೆ ದನಿ ಇಳಿಸಿದಳು. "ನಂಗೆ ಹೆದರಿಕೆ ಆಗ್ತಿದೆ ಕಣೆ. ಬೇಗ ಬನ್ನಿ."

ಬಯಲಿನ ಕೊನೆಯಲ್ಲಿ ಉಳಿದದ್ದು ಮೆಹರಕ್ಕನ ಗ್ಯಾರೇಜು. ಗಂಟೆ ಕೆಲಸಕ್ಕೆ ಐದು ಗಂಟೆ ನೆರಳು. ಅಲ್ಲೂ ಅಮ್ಮ ಎಲ್ಲವನ್ನೂ ಹೊರಗಿಟ್ಟು ರಂಗೋಲಿ ಎಳೆದಳು.

"ಒಂದಕ್ಕೆ ಐದಾ? ನಿಮ್ಮ ಸ್ಪ್ಯಾನರ್ ಚಿನ್ನದ್ದೇನಮ್ಮ?" ಎಂದರು ಅಪ್ಪ.

"ಸ್ಪ್ಯಾನರ್ ಮುಟ್ಟದೇ ಇದ್ರೂ ಐದೇ ಯಜಮಾನ್ರೆ," ಎಂದ ಮೆಹರಕ್ಕ ಒಳಗೆ ಇಣುಕಿದಳು. "ಇದ್ಯಾರ ಮನೆ?"

"ನಮ್ದೇ," ಎಂದಳು ಅಮ್ಮ, ಹೆಮ್ಮೆಯಿಂದ.

"ಇದು ಮದ್ವೆ ಛತ್ರ. ನಿಮ್ಮನೆ ಹೊರಗೆ ಬಿಸಿಲಲ್ಲಿ ಬಿದ್ದಿದೆ. ಹೆಂಗಿತ್ತೋ ಹಂಗೇ ತುಂಬಿ. ಅಜ್ಜೀನೂ ಅವ್ರ ಜಾಗದಲ್ಲೇ ಕೂರ್ಸಿ."

"ಒಗೀದಿರೋ ಬಟ್ಟೇನೂನಾ?"

"ಅದಕ್ಕೂ ತೂಕ ಇರುತ್ತಲ್ಲಮ್ಮ!"

ಅಮ್ಮ ಮಾನ ಬಿಟ್ಟು ಎಲ್ಲ ತುಂಬಿದಳು. ಗಾಡಿ ವಾಲಿತು. ಅಪ್ಪ ಬಯಲಿನಲ್ಲಿ ಸುತ್ತು ಹೊಡೆಸಿದಾಗ ಮೆಹರಕ್ಕ ಒಳಗೆ ನೆಲಕ್ಕೆ ಕಿವಿಯಿಟ್ಟು ತೆವಳುತ್ತ ಹೋಗಿ ಒರಳುಕಲ್ಲಿನ ಬಳಿ ನಿಂತಳು. ಅದರಡಿಯ ಕಬ್ಬಿಣದ ಅಡ್ಡಪಟ್ಟಿ ಬಿರುಕು ಬಿಟ್ಟಿತ್ತು. ಭಾರ ಬಿದ್ದರೆ ಬಾಯಿ ಬಿಡುತ್ತಿತ್ತು, ಭಾರ ಇಳಿಸಿದರೆ ಸಭ್ಯಸ್ಥನಂತೆ ಮುಚ್ಚಿಕೊಳ್ಳುತ್ತಿತ್ತು. ಮಧ್ಯಾಹ್ನದೊಳಗೆ ಬೆಸುಗೆ ಮುಗಿಯಿತು, ಒರಳುಕಲ್ಲು ಗಾಡಿಯ ನಡುವಿಗೆ ಬಂತು.

ಅಪ್ಪ ಚಪ್ಪರದ ಹಗ್ಗಕ್ಕೆ ಕೈ ಹಾಕಿದರು. ಋಣ ತೀರಿಸಿ ಹೊರಟರೆ ಅಕ್ಕನ ದಿನ ಮೀರುತ್ತಿತ್ತು. ಅಮ್ಮನಿಂದ ವಿಷಯ ತಿಳಿದಿದ್ದ ಮೆಹರಕ್ಕ ಹಗ್ಗ ಕಿತ್ತುಕೊಂಡಳು. "ವಾಪಸ್ ಬರ್ತಾ ಕೊಡಿ. ಬಾಣಂತೀನ, ಮಗೂನ ಕೂರ್ಸ್ಕೊಂಡೇ ಬನ್ನಿ. ಅಷ್ಟೂ ಭಾರಕ್ಕೆ ನನ್ನ ಬೆಸುಗೆ ತಡೀತಾ ಅಂತ ನೋಡ್ಬೇಕು ನಾನು."

ಘಟ್ಟದ ಒಂದು ತಿರುವಿನಲ್ಲೂ ಗಾಡಿ ಉಸಿರೆತ್ತಲಿಲ್ಲ. ಅಕ್ಕ ನಮ್ಮ ಹೊಸ್ತಿಲು ದಾಟಿದ ಮರುದಿನವೇ ಹೆಣ್ಣುಮಗು ಹುಟ್ಟಿತು, ತವರಿನಲ್ಲೇ.

ಪೂರ್ವಿಕರೇ, ನನ್ನ ವಿಜ್ಞಾಪನೆ ಇಷ್ಟೇ. ಗಾಡಿಯನ್ನು ರಿಪೇರಿಗೆ ಒಯ್ಯುವಾಗ ಅದನ್ನು ಸಿಂಗರಿಸಬೇಡಿ. ದರ ಕೇಳುವ ಮೊದಲು, ಅಲ್ಲಿನವರು ನಿಮ್ಮ ಅಜ್ಜಿ ಎಲ್ಲಿ ಕೂರುತ್ತಾರೆಂದು ಕೇಳುತ್ತಾರೋ ನೋಡಿ. ಕೇಳಿದರೆ, ಅವರು ಹೇಳಿದಷ್ಟು ಕೊಡಿ.

ಇದನ್ನು ಮೆಹರಕ್ಕನ ಅಂಗಳದಲ್ಲಿ ಕುಳಿತು ಬರೆಯುತ್ತಿದ್ದೇನೆ. ಅವಳೀಗ ತಾನೇ ಗಾಡಿಯಡಿಯಿಂದ ಎದ್ದುಬಂದು, ಎಣ್ಣೆಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮಗುವನ್ನು ಬಗ್ಗಿ ನೋಡುತ್ತಿದ್ದಾಳೆ. ಒಳಗೆ ಒಗೆಯದ ಬಟ್ಟೆ ರಾಶಿ ಬಿದ್ದಿದೆ, ಅಮ್ಮ ಮುಟ್ಟಿಲ್ಲ. ಕೊಡಬೇಕಿದ್ದ ನೆರಳು ನಿನ್ನೆಯೇ ತೀರಿತು. ಅಪ್ಪ ಇನ್ನೂ ಚಪ್ಪರ ಮಡಚಿಲ್ಲ.