ಯಾರ ಹೆಸರು ಮೊದಲು

ಇಳಕಲ್ಲ
೧೪-೬-೧೯೭೯, ಗುರುವಾರ

ಗೆಳೆಯ ಮಧುಸೂದನನಿಗೆ ಕಾಶಪ್ಪನ ನಮಸ್ಕಾರ.

ಸನ್ಮಾನ್ಯ ಅಧ್ಯಕ್ಷರೇ, ಹುನಗುಂದ ತಾಲೂಕು ಮತ್ತು ಬದಾಮಿ ತಾಲೂಕು ಎಂಬ ಎರಡು ಮಹಾಸಾಮ್ರಾಜ್ಯಗಳ ಪ್ರತಿನಿಧಿಗಳೇ, ಮುಂದಿನ ಸಾಲಿನಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿರುವ ಹಿರಿಯರೇ, ಹಿಂದಿನ ಸಾಲಿನಲ್ಲಿ ಈಗಾಗಲೇ ನಿದ್ದೆಹೋಗಿರುವ ತಜ್ಞರೇ!

ಗಾಬರಿಯಾಗಬೇಡ. ಬರುವ ಭಾನುವಾರ ನಮ್ಮ ಎರಡೂ ಊರಿನ ನೇಕಾರ ಸಂಘಗಳು ಕೂಡಿ ಒಂದೇ ಒಕ್ಕೂಟವಾಗುವ ಸಭೆಯಲ್ಲಿ ನಾನು ಮಾಡಬೇಕಾದ ಭಾಷಣ ಇದು. ಗುಳೇದಗುಡ್ಡದ ಸಂಘಕ್ಕೆ ನೀನು ಕಾರ್ಯದರ್ಶಿ, ಇಳಕಲ್ಲಿನದಕ್ಕೆ ನಾನು. ಆದ್ದರಿಂದ ಮೊದಲ ಶ್ರೋತೃ ನೀನೇ. ಚಪ್ಪಾಳೆ ಕೊನೆಗಿರಲಿ.

ಮಹನೀಯರೇ, ಮೊನ್ನೆ ಯುರೋಪಿನಲ್ಲಿ ಒಂಬತ್ತು ದೇಶಗಳ ಜನ ಒಂದೇ ಸಂಸತ್ತಿಗೆ ಮತ ಹಾಕಿದರೆಂದು ರೇಡಿಯೋದಲ್ಲಿ ಕೇಳಿದಿರಷ್ಟೆ. ನಾವು ಚಡ್ಡಿ ಹಾಕಿಕೊಂಡು ಸಾಲೆಗೆ ಹೋಗುವ ಕಾಲಕ್ಕೆ ಒಬ್ಬರ ಊರಿಗೆ ಒಬ್ಬರು ಬೆಂಕಿ ಹಚ್ಚುತ್ತಿದ್ದವರು ಅವರು. ಆಮೇಲೆ ಕಣ್ಣುಬಿಟ್ಟು ನೋಡಿದರೆ ಒಂದು ಕಡೆ ಅಮೆರಿಕಾದ ರೊಕ್ಕ, ಇನ್ನೊಂದು ಕಡೆ ರಷ್ಯಾದ ಫೌಜು. ನಾವು ಕೂಡಿ ಕೂತು ಮಾತಾಡದಿದ್ದರೆ ನಮ್ಮ ಮಾತನ್ನು ಹೊರಗಿನವರು ಆಡುತ್ತಾರೆ ಎಂಬುದು ಅವರಿಗೆ ತಿಳಿಯಿತು. ಹಾಗೆಂದು ದೊಡ್ಡ ದೊಡ್ಡ ಮಾತಿನಿಂದ ಶುರು ಮಾಡಲಿಲ್ಲ. ಕಲ್ಲಿದ್ದಲು ಮತ್ತು ಉಕ್ಕಿನಿಂದ ಶುರು ಮಾಡಿದರು. ಬಾಗಲಕೋಟೆಯ ಕಾಲೇಜಿನಲ್ಲಿ ಇತಿಹಾಸದ ಮಾಸ್ತರರು ಇದನ್ನು ಹೇಳಿದ ದಿನ, ಮಧೂ, ನೀನು ನನ್ನ ಕಿವಿಯಲ್ಲಿ, ಅವರು ಕೂಡಿದ್ದು ಉಕ್ಕಿನಾಗ, ನಾವು ಕೂಡೂದು ಮಗ್ಗದಾಗ ಅಂದಿದ್ದಿ. ನನಗೆ ಪ್ರಾಸದ ಹುಚ್ಚು ಹತ್ತಿದ್ದು ಅವತ್ತಿನಿಂದ. ಇದನ್ನು ಸಭೆಯಲ್ಲಿ ಓದುವುದಿಲ್ಲ.

ಸೀರೆ ನಮ್ಮದು, ಖಣ ನಿಮ್ಮದು; ಉಟ್ಟು ತೊಟ್ಟು ನಡೆಯುವವಳು ಒಬ್ಬಳೇ. ಇಳಕಲ್ಲ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸ ಅಂತ ಹೆಂಗಸರು ಅಜ್ಜಿಯಂದಿರ ಕಾಲದಿಂದ ಮೈಮೇಲೆ ಒಂದು ಮಾಡಿ ತೋರಿಸಿದ್ದನ್ನು, ಗಂಡಸರು ಕಾಗದದ ಮೇಲೆ ಒಂದು ಮಾಡಲು ಮೂರು ತಿಂಗಳು ಜಗಳಾಡಿದೆವು. ಸಭೆ ಐಹೊಳೆಯಲ್ಲಿ ಅಂದರೆ ಅದು ಹುನಗುಂದ ತಾಲೂಕು, ನಿಮಗೆ ಸಲ್ಲದು. ಬನಶಂಕರಿಯಲ್ಲಿ ಅಂದರೆ ಬದಾಮಿ ತಾಲೂಕು, ನಮಗೆ ಒಲ್ಲದು. ಯುರೋಪಿಗೆ ಬ್ರಸೆಲ್ಸ್ ಸಿಕ್ಕ ಹಾಗೆ ನಮಗೆ ಬಾಗಲಕೋಟೆ ಸಿಕ್ಕಿತು.

ಅಷ್ಟಕ್ಕೆ ಮುಗಿಯಲಿಲ್ಲ. ಎರಡೂ ಊರಿನ ಮಾಲಿಗೆ ಒತ್ತುವ ಸಿಕ್ಕಾದಲ್ಲಿ, ಅಂದರೆ ಮುದ್ರೆಯಲ್ಲಿ, ಯಾವ ಊರಿನ ಹೆಸರು ಮೊದಲು? ನಮ್ಮ ಅಧ್ಯಕ್ಷ ಹನಮಪ್ಪ ಕಾಕಾ, ಹೆಣ್ಮಕ್ಕಳು ಸೀರಿ ಮೊದಲ ಉಡ್ತಾರೋ, ಕುಪ್ಪುಸ ಮೊದಲ ತೊಡ್ತಾರೋ, ಮನ್ಯಾಗ ಕೇಳ್ಕೊಂಡ ಬರ್ರಿ ಅಂತ ನಿಮಗೆ ಹೇಳಿಕಳಿಸಿದ. ನಿಮ್ಮವರು ಕೇಳಿಕೊಂಡು, ಕುಪ್ಪುಸನ ಮೊದಲ ಅಂತ ಉತ್ತರ ಕಳಿಸಿದರು. ಅದು ಖರೆ ಇದ್ದದ್ದರಿಂದ ಜಗಳ ಇನ್ನೂ ಬಲಿಯಿತು. ಯುರೋಪದ ಸುದ್ದಿ ಆಮ್ಯಾಲ ಓದ್ರಿ, ಮೊದಲ ಆ ಎರಡೂರ ಮುದುಕರನ್ನ ಒಂದ ಜಮಖಾನಿ ಮ್ಯಾಲ ಕುಂಡ್ರಸ್ರಿ ಅಂತ ನನ್ನ ಹೆಂಡತಿ ಗುರುಲಿಂಗವ್ವ ಅಂದಳು. ಹಾಗೆ ಅನ್ನುವಾಗ ಅವಳು ಉಟ್ಟದ್ದು ನಮ್ಮೂರ ಸೀರೆ, ತೊಟ್ಟದ್ದು ನಿಮ್ಮೂರ ಖಣ.

ಇನ್ನು ಹೊರಗಿನ ಶಕ್ತಿಯ ವಿಚಾರ. ನಮ್ಮ ಅಮೆರಿಕಾ, ನಮ್ಮ ರಷ್ಯಾ ಎರಡೂ ಸೊಲ್ಲಾಪುರದ ಸಾವಕಾರನೇ. ನೂಲು ಅವನದು, ದರ ಅವನದು, ನಾವು ನೇಯ್ದ ಮಾಲಿನ ಮೇಲೆ ಒತ್ತುವ ಹೆಸರೂ ಅವನದೇ. ಎರಡೂರು ಕೂಡಿದರೆ ದರ ಹೇಳುವವರು ನಾವಾಗುತ್ತೇವೆ ಎಂಬುದು ನಮಗಿಂತ ಮೊದಲು ಅವನಿಗೆ ತಿಳಿದಿದೆ. ಅವನಿಗೆ ಫೌಜು ಬೇಕಿಲ್ಲ. ಒಬ್ಬ ಗುಮಾಸ್ತ ಸಾಕು. ಆದ್ದರಿಂದ ಬಂಧುಗಳೇ, ಯಾರು ಏನೇ ಹೇಳಿದರೂ ಒಬ್ಬರ ಮೇಲೊಬ್ಬರು

ಮಧೂ, ಇದರ ಮುಂದ ಬರಿಯೂದು ನನ್ನ ಕೈಲೆ ಆಗವಲ್ದು. ಇವತ್ತ ಮುಂಜಾನೆ ನಾ ಸಾವಕಾರನ ಕರಾರಿಗೆ ಸಹಿ ಹಾಕೇನಿ.

ಅವನ ಗುಮಾಸ್ತ ಬಂದಿದ್ದ. ಗುಳೇದಗುಡ್ಡದವರು ನಿನ್ನೆನ ಸಹಿ ಹಾಕ್ಯಾರ, ನೀವಷ್ಟ ಉಳದೀರಿ ನೋಡ್ರಿ ಅಂದ. ಸಹಿ ಹಾಕಿದರ ವರ್ಷಪೂರ್ತಿ ನೂಲು. ಮಾಲೆಲ್ಲಾ ಸಾವಕಾರಗೇ ಹಾಕಬೇಕು, ಯಾವ ಒಕ್ಕೂಟಕ್ಕೂ ಸೇರೂಹಂಗಿಲ್ಲ. ಅರ್ಧ ಮಗ್ಗ ನೂಲಿಲ್ಲದ ನಿಂತಾವ. ಮಗ್ಗಕ್ಕ ನೂಲಿನ ಕಂಡಿಕಿ ಸುತ್ತೂ ದೌಲತಬಿ ಬಾಗಿಲದಾಗ ನಿಂತು, ನೂಲು ಬಂತೇನೋ ಯಪ್ಪಾ ಅಂತ ಕೇಳಿದಳು. ಹನಮಪ್ಪ ಕಾಕಾ ಮಾತ್ರ, ಗಡಬಡಿ ಬ್ಯಾಡ, ಮಧ್ಯಾಹ್ನದ ಬಸ್ಸಿಗೆ ಯಾರನ್ನರ ಕಳಿಸಿ ಮಧುಸೂದನನ್ನ ಕೇಳಿಸು ಅಂದ. ಕೇಳೂದೇನೈತಿ ಅಂದೆ ನಾ.

ದೌಲತಬಿಯ ಹೆಸರು ಹೇಳಿ ಪಾರಾಗಬಹುದಿತ್ತು. ಆದರ ನಿನ್ನ ಮುಂದ ಯಾಕ? ಮೂರು ತಿಂಗಳ ಸಿಟ್ಟು ಹೊಟ್ಟ್ಯಾಗಿತ್ತು. ನೀವು ಮಾತು ಮುರದೀರಿ ಅಂತ ಕೇಳಿದಾಗ ನನಗ ದುಃಖ ಆಗಲಿಲ್ಲೋ, ಒಂಥರಾ ಹಗುರಾತು. ನಮ್ಮೂರವರು ಒಳ್ಳೇವರು, ನಿಮ್ಮೂರವರು ಇಂಥವರು ಅಂತ ಅನಕೋತನ ಪೆನ್ನು ಹಿಡದೆ. ಆಮ್ಯಾಲ ಮನಿಗೆ ಬಂದು, ನಿನಗ ನಾಚಿಕಿ ಬರಲಿ ಅಂತ ಈ ಭಾಷಣ ಬರಿಯಾಕ ಕುಂತೆ. ಬರೀತ ಬರೀತ ಅದು ನನ್ನ ಕಡೆನ ತಿರುಗಿತು.

ನೀವು ಮೊದಲು ಸಹಿ ಹಾಕಿದ್ರಿ ಅನ್ನೂದೊಂದು ಈಗ ನನಗ ಆಸರಾ. ಅದು ಖರೆ ಇದ್ದರ ಇಬ್ಬರೂ ಸರಿಸಮ ಅನಕೊಂಡು ಬಿಟ್ಟುಬಿಡೋಣ. ಸುಳ್ಳಿದ್ದರ ಏನಂತ ನನಗ ಗೊತ್ತಿಲ್ಲ. ಭಾನುವಾರ ನಾ ಬರೂದಿಲ್ಲ.

ನಿನ್ನ
ಕಾಶಪ್ಪ

ತಾ.ಕ. ಪಾಕೀಟಿಗೆ ಅಂಟು ಹಚ್ಚೂದರಾಗ ನಿಮ್ಮ ಕಡೆ ಬಸ್ಸಿನ ಕಂಡಕ್ಟರ ನೀ ಕಳಿಸಿದ ಗಂಟು ಕೊಟ್ಟು ಹೋದ. ಹೊಸ ಸಿಕ್ಕಾ ಒತ್ತಿದ ಖಣ ನೋಡಿದೆ. ನಿನ್ನ ಚೀಟಿನೂ ಕಾಕಾಗ ಕೇಳೂಹಂಗ ಓದಿದೆ. ಇಳಕಲ್ಲದವರು ಸಹಿ ಹಾಕ್ಯಾರ ಅಂತ ಒಬ್ಬ ಗುಮಾಸ್ತ ಹೇಳ್ಕೋತ ಬಂದಿದ್ದ, ನಮಗ ಕಾಶಪ್ಪ ಗೊತ್ತು ಅಂತ ಹೇಳಿ ಚಹಾ ಕುಡಿಸಿ ಕಳಿಸಿದಿವಿ ಅಂತ ಬರದೀದಿ. ಭಾನುವಾರ ಬರ್ತೇನಿ. ಎಲ್ಲಾರ ಮುಂದ ನಿಂತು ನಾನ ಹೇಳಬೇಕು.

ಹನಮಪ್ಪ ಕಾಕಾ ಇಲ್ಲೇ ಕುಂತಿದ್ದ. ಅವನಿಗೆ ಓದಾಕ ಬರೂದಿಲ್ಲ, ನಿನಗ ಗೊತ್ತೈತಿ. ಖಣ ತೊಡಿಮ್ಯಾಲ ಹರವಿಕೊಂಡು, ಸಿಕ್ಕಾದ ಮ್ಯಾಲ ಬೆರಳಾಡಿಸಿ, ಯಾರ ಹೆಸರು ಮೊದಲ ಹಾಕ್ಯಾರ ನೋಡಿ ಹೇಳೋ ತಮ್ಮಾ ಅಂದ. ನೀವು ಒತ್ತಿದ್ದನ್ನ ಇದ್ದಂಗ ಓದಿ, ನಮ್ಮೂರದು ಕಾಕಾ ಅಂದೆ. ಅವ ಖಣ ಮಡಚಿ ನನ್ನ ಕೈಯಾಗಿಟ್ಟು, ಎದ್ದು ಹೋದ.