ಕೆಂಚನ ಕಣ್ಣು ಸಿಕ್ಕಿತು

ಅವ್ವ,

ನಿನ್ನ ನಾಯಿ ಕೆಂಚನ ಫೋಟೊ ಇವತ್ತು ಕೊನೆಗೂ ಸರಿಯಾಗಿ ಬಂತು. ಅವನ ಕಣ್ಣಿಗೆ ಪೊರೆ ಕವಿಯುವ ಮೊದಲೇ ಚಿತ್ರ ಬರೆಸೋಣವೆಂದು, ಫೋಟೊ ನೋಡಿ ಚಿತ್ರ ಬರೆಯುವ ಕೆಸರೆಯ ಶಾಲಿನಿಗೆ ಹೇಳಿದ್ದೆ. ನಾನು ಕಳಿಸಿದ್ದ ಫೋಟೊಗಳನ್ನೆಲ್ಲ ಅವಳು ತಳ್ಳಿಹಾಕಿದಳು.

"ಏನಕ್ಕ, ಮಂತ್ರಿ ಬಾಲ್ಕನಿಯಿಂದ ಜನ್ರನ್ನ ನೋಡ್ದಂಗೆ ತೆಗ್ದಿದ್ದೀರ. ನೆಲದ ಮೇಲೆ ಕೂತ್ಕೊಳ್ಳಿ. ಕಣ್ಣು ಕಾಣ್ಬೇಕು."

ಪತ್ರಿಕೆಯಲ್ಲಿ ಮಂತ್ರಿಗಳನ್ನು ಬೈದೇ ಬದುಕಿದವಳು, ಇವತ್ತು ನಾನೇ ಬೈಸಿಕೊಂಡೆ. ಬಾಗಿಲ ಬೆಳಕಿನಲ್ಲಿ, ನೀನು ತೀರಿಹೋಗುವವರೆಗೂ ಅಕ್ಕಿ ಆರಿಸುತ್ತಿದ್ದ ಜಾಗದಲ್ಲಿ ಕೂತೆ. ಕೆಂಚ ತಾನಾಗಿ ಬಂದು ಎದುರು ಕೂತು, ನೆಟ್ಟಗೆ ನೋಡಿದ. ಎದೆ ಹಗುರಾಯಿತು ಕಣವ್ವ.

ಊರಿನ ಮೆರವಣಿಗೆಗಳನ್ನೆಲ್ಲ ಹಿಡಿದ ಕ್ಯಾಮೆರಾ ಇದು. ನಿನ್ನದು ಇರುವುದು ರೇಷನ್ ಕಾರ್ಡಿನ ಮಸುಕು ಫೋಟೊ ಒಂದೇ.

"ಪಕ್ಕದಲ್ಲಿ ಅವ್ವನ್ನೂ ಬರೀಲಾ?" ಎಂದಳು ಶಾಲಿನಿ.

ಅಕ್ಕಿಯ ಮೊರ ಬರಿ, ಸಾಕು; ಅವ್ವನದೆಂದು ಕೆಂಚ ಗುರುತು ಹಿಡಿಯುತ್ತಾನೆ ಎಂದೆ.