ಬರೆಯದೆ ಬಿಟ್ಟ ಆರನೇ ಸೆಮಿಸ್ಟರ್

ರಾಮನಗರ
16 ನವೆಂಬರ್ 2025, ಭಾನುವಾರ

ಪ್ರೀತಿಯ ಚೈತು,

ಹೇಗಿದ್ದೀಯ ಅಂತ ಕೇಳೋಕೂ ನನಗೆ ಮುಖ ಇಲ್ಲ. ನಿನ್ನ ಮದುವೆಗೆ ಬರಲಿಲ್ಲ, ಆಮೇಲೂ ಒಂದು ಸಲ ವಿಚಾರಿಸಲಿಲ್ಲ. ಒಂಬತ್ತು ತಿಂಗಳು ಕಳೆದೇಹೋಯ್ತು. ಬೈದುಕೊಂಡಿರ್ತೀಯ, ಬೈಕೋ.

ಹೋದ ವಾರ ಅಮ್ಮಿಯ ತಂಗಿ, ನಮ್ಮ ಖಾಲಾ ಮನೆಯಿಂದ ಬರುವಾಗ ಮಾಗಡಿ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮವ್ವ ಸಿಕ್ಕಿದ್ದರು. ಬುರ್ಖಾದಲ್ಲಿ ನನ್ನ ಗುರುತು ಹಿಡೀಲಿಲ್ಲ, ನಾನೇ "ಮಾರಕ್ಕ" ಅಂತ ಕರೆದೆ. ಎರಡೂ ಕೈ ಹಿಡ್ಕೊಂಡು, "ಅವಳ ಕೈಗೆ ಫೋನೇ ಕೊಡಾಕಿಲ್ಲ ಕಣವ್ವ ಅವ್ರು. ನಾನು ಕನಕಪುರಕ್ಕೆ ಹೋದ್ರೂ ಅತ್ತೆ ಪಕ್ಕದಾಗೇ ಕುಂತಿರ್ತಾಳೆ. ಮಗ ಸೊರಗೋಗವ್ಳೆ" ಅಂತ ಅತ್ತರು. ಏನಾದ್ರೂ ಬರೆದುಕೊಟ್ರೆ ಮುಂದಿನ ಸಲ ಹೋದಾಗ ಕೊಡ್ತೀನಿ ಅಂದ್ರು. ನಾಳೆ ನನಗೆ ಎರಡನೇ ಶಿಫ್ಟು. ಬೆಳಿಗ್ಗೇನೇ ನಿಮ್ಮೂರು ಗುಡೇಮಾರನಹಳ್ಳಿಗೆ ಹೋಗಿ ಅವರ ಕೈಗೇ ಕೊಟ್ಟು ಬರ್ತೀನಿ.

ಇಲ್ಲಿ ಅಬ್ಬಾಗೆ ದಮ್ಮು ಜಾಸ್ತಿಯಾಗಿದೆ. ರೀಲಿಂಗ್ ಪೂರ್ತಿ ಬಿಟ್ಟರು. ರೇಷ್ಮೆಗೂಡು ಬೇಯಿಸೋ ಹಬೆ ತಾಗಿದರೆ ಸಾಕು, ಉಸಿರು ಸಿಗದೆ ಗೋಡೆ ಹಿಡ್ಕೊಂಡು ನಿಂತುಬಿಡ್ತಾರೆ. ಅಮ್ಮಿ ಹಾಗೇ ಇದ್ದಾಳೆ.

ನಿನಗೆ ನೆನಪಿದೆಯಾ, ಹೋದ ವರ್ಷ ಕಂಪನಿಯವರು ಕಾಲೇಜಿಗೆ ಬಂದು ಬಿಎಸ್ಸಿ ಕ್ಲಾಸಲ್ಲಿ ನಮ್ಮಿಬ್ಬರನ್ನೇ ಆರಿಸಿದ್ದು? ಹಾರೋಹಳ್ಳಿಯಲ್ಲಿ ಲ್ಯಾಬ್ ಕೆಲಸ. ಆದರೆ ಮಾರ್ಚ್ ಒಂದಕ್ಕೇ ಸೇರಬೇಕು. ಕೊನೇ ಪರೀಕ್ಷೆಗೆ ಇನ್ನೂ ನಾಲ್ಕು ತಿಂಗಳು. ಕೆಮಿಸ್ಟ್ರಿ ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಎರಡು ದಿನ ಜಗಳ ಆಡಿದ್ವಿ. "ಇಷ್ಟು ವರ್ಷ ಓದಿ, ಕೊನೇ ಗಳಿಗೇಲಿ ಎದ್ದೋಗಾಕಾಯ್ತದೇನೇ?" ಅಂತ ನೀನು. "ನಿಮ್ಮಪ್ಪನಿಗೆ ಹೊಲ ಐತೆ, ನೀನು ಹೇಳ್ತೀಯ" ಅಂತ ನಾನು ರೇಗಿದೆ. ಮನೇಲಿ ಅಬ್ಬಾ ಕೂಡ, "ನಾಲ್ಕೇ ತಿಂಗಳು ಬೇಟಾ. ಮುಗಿಸಿಬಿಡು. ಅಲ್ಲೀವರೆಗೆ ನಾನೇನು ಸಾಯಲ್ಲ" ಅಂದ್ರು. ಯಾರೂ ನನ್ನನ್ನ ಬಲವಂತ ಮಾಡಲಿಲ್ಲ ಚೈತು. ನಾನಾಗೇ ಹೋದೆ.

ಪರೀಕ್ಷೆಗೆ ರಜ ಕೊಡ್ತೀವಿ ಅಂದಿದ್ದರು. ಕೇಳಿದಾಗ ಸೂಪರ್‌ವೈಸರ್, "ಹೋಗಮ್ಮ, ಬರಿ. ವಾಪಸ್ ಬಂದಾಗ ಜಾಗ ಇರುತ್ತೆ ಅಂತ ಮಾತ್ರ ನಾನು ಹೇಳಲ್ಲ" ಅಂದ. ನೀನು ಮೊದಲನೇ ಪೇಪರ್ ಬರೆದ ದಿನ ನಮ್ಮ ಕಂಪನಿ ಬಸ್ಸು ಕಾಲೇಜಿನ ಗೇಟ್ ಮುಂದೇನೇ ಹೋಯ್ತು. ಹಾಲ್ ಟಿಕೆಟ್ ನನ್ನ ಬ್ಯಾಗಲ್ಲೇ ಇತ್ತು. ಕಿಟಕಿ ಗಾಜು ಎಳೆದುಕೊಂಡೆ.

ಈಗ ಡಿಗ್ರಿ ಇಲ್ಲದವರನ್ನೆಲ್ಲ ಲ್ಯಾಬಿನಿಂದ ತೆಗೆದು ಪ್ಯಾಕಿಂಗ್‌ಗೆ ಹಾಕಿದ್ದಾರೆ. ನಾನು ಕೆಲಸ ಕಲಿಸಿಕೊಟ್ಟ ಹುಡುಗಿ ನನ್ನ ಸ್ಟೂಲಿನ ಮೇಲೆ ಕೂತಿದ್ದಾಳೆ. ನಾನು ಎಂಟು ಗಂಟೆ ನಿಂತು ಡಬ್ಬಗಳಿಗೆ ಟೇಪ್ ಅಂಟಿಸ್ತೀನಿ. ಪರೀಕ್ಷೆ ಈಗಲೂ ಕಟ್ಟಬಹುದಲ್ಲ ಅಂತಾಳೆ ಅಮ್ಮಿ. ಪುಸ್ತಕ ತೆಗೆದರೆ ಅದು ಯಾರೋ ಬೇರೆಯವರದ್ದು ಅನ್ನಿಸುತ್ತೆ. ನನ್ನ ಕೈಬರಹವೇ ನನಗೆ ಅರ್ಥ ಆಗಲ್ಲ. ಮುಚ್ಚಿಡ್ತೀನಿ.

ನೀನಾದರೂ ಗೆದ್ದೆ ಅಂದ್ಕೊಂಡಿದ್ದೆ. ಎಂಬತ್ತೊಂದು ಪರ್ಸೆಂಟು! ಆದರೆ ಆರು ತಿಂಗಳು ಅಲೆದರೂ ಒಂದು ಕೆಲಸ ಸಿಗಲಿಲ್ಲವಂತೆ. "ಮನೆ ಬಾಗಿಲಿಗೆ ಬಂದಿದ್ದ ಕೆಲ್ಸಾನ ಒದ್ದವಳು, ಇನ್ನು ನಾನು ಹೇಳ್ದಂಗೆ ಕೇಳ್ಲಿ" ಅಂತ ನಿಮ್ಮಪ್ಪ ಮದುವೆ ಮಾಡಿಬಿಟ್ಟರಂತೆ. "ಆ ಕೆಲಸ ಒಂದು ಉಳಿದಿದ್ರೆ ನನ್ನ ಮಗಳ ಗತಿ ಹಿಂಗಾಯ್ತಿತ್ತಾ?" ಅಂತ ನಿಮ್ಮವ್ವ ನನ್ನನ್ನೇ ಕೇಳಿದರು. ನಾನು ಬಸ್ಸಿನ ಬೋರ್ಡು ನೋಡ್ತಾ ನಿಂತೆ.

ಹೊತ್ತೊತ್ತಿಗೆ ಊಟ ಮಾಡು. ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಕೊಡಬೇಡ, ನಿನ್ನ ಬಟ್ಟೆಗಳ ಕೆಳಗೇ ಇಟ್ಕೋ. ಅಮ್ಮಿ ನಿನಗೆ ದುವಾ ಹೇಳಿದ್ದಾಳೆ. ನಿನ್ನ ದೇವರು, ನನ್ನ ದೇವರು, ಯಾರಿಗೆ ಕಣ್ಣಿದ್ದರೆ ಅವರು ನಿನ್ನನ್ನ ಕಾಯಲಿ.

ನಿನ್ನ
ನಿಖಾತ್

ಮರೆತ ಮಾತು: ಮರೆತದ್ದಲ್ಲ, ಬರೆಯೋಕೆ ಧೈರ್ಯ ಸಾಲದೆ ಕೊನೆಗೆ ತಳ್ಳಿದ್ದು. ಇದನ್ನ ಒಬ್ಬಳೇ ಓದು. ನಾನು ಸೇರಿದ ಎರಡನೇ ವಾರ, ಕಾಲೇಜಿಗೆ ಬಂದು ನಮ್ಮನ್ನ ಆರಿಸಿದ್ದ ಮುಷರಫ್ ಸರ್ ಕರೆದು ಹೇಳಿದರು, "ನಿನ್ನ ಫ್ರೆಂಡ್ ಫೋನಿಗೆ ಸಿಗ್ತಾ ಇಲ್ಲ. ಪರೀಕ್ಷೆ ಮುಗಿಸಿ ಆಗಸ್ಟ್‌ನಲ್ಲೇ ಬರಲಿ, ಜಾಗ ಇಟ್ಟಿರ್ತೀವಿ. ಹೇಳಿಬಿಡಮ್ಮ." ಹೂಂ ಅಂದೆ. ಅವತ್ತು ಸಂಜೆ ನೀನೇ ಫೋನ್ ಮಾಡಿ, "ನನ್ನ ವಿಷ್ಯ ಏನಾದ್ರೂ ಕೇಳಿದ್ರೇನೇ?" ಅಂದೆ. ಇಲ್ಲ ಅಂದುಬಿಟ್ಟೆ. ನಾನು ಓದು ಬಿಟ್ಟು ಪಡೆದ ಕೆಲಸ ನಿನಗೆ ಡಿಗ್ರಿ ಸಮೇತ ಸಿಗೋದನ್ನ ನನ್ನಿಂದ ನೋಡೋಕಾಗ್ತಿರಲಿಲ್ಲ. ಆಗಸ್ಟ್‌ನಲ್ಲಿ ಅವರು ಮತ್ತೆ ಕೇಳಿದರು. "ಅವಳಿಗೆ ಮದುವೆ ಗೊತ್ತಾಗಿದೆ ಸರ್, ಬರಲ್ಲ" ಅಂದೆ. ಆಗಿನ್ನೂ ನಿನಗೆ ಗಂಡು ನೋಡೋಕೂ ಶುರು ಮಾಡಿರಲಿಲ್ಲ.